ಒಂದೂವರೆಯ ಜೋಲಿ

ಚಂದ್ರಿಕಾ ತಳವಾರ ಎಂಬ ಆರು ವರ್ಷದ ಹುಡುಗಿಯನ್ನು ಹನ್ನೆರಡು ದಿನ ಔಷಧದ ನಿದ್ದೆಯಲ್ಲಿ ಇಡಲಾಯಿತು. ಆಕೆಗೆ ಬೇಕಾಗಿದ್ದುದು ನಾಲ್ಕು ದಿನದ ನಿದ್ದೆ. ಹದಿಮೂರನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಆಕೆ ಸತ್ತಳು. ಅಷ್ಟೂ ದಿನಗಳ ದಾಖಲೆಯಲ್ಲಿ ‘ಮಗು ಸಮಾಧಾನದಿಂದಿದೆ’ ಎಂದು ಬರೆದಿದೆ.

ಬರೆದದ್ದು ಯಂತ್ರ. ಯಂತ್ರದ ಹೆಸರು ಮಡಿಲು.

ನೋಡಲು ಅದು ಹಾಸಿಗೆಯ ತಲೆದೆಸೆಯಲ್ಲಿ ನಿಂತ ಬಿಳಿ ಕಂಬ. ತುದಿಯಲ್ಲಿ ಮಗುವಿನ ಮುಖ, ಕೈಕಾಲು ನೋಡುವ ಕ್ಯಾಮೆರಾ. ಕಂಬದಿಂದ ಇಳಿದ ಐದು ತೆಳ್ಳನೆಯ ತಂತಿಗಳು ಮಗುವಿನ ಹಣೆಗೆ ಅಂಟಿಕೊಂಡು ಮಿದುಳಿನ ಅಲೆಗಳನ್ನು ಓದುತ್ತವೆ. ಹೊಟ್ಟೆಯಲ್ಲಿ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆ. ಅದರೊಳಗೆ ಎರಡು ಸಿರಿಂಜು, ಒಂದು ನಿದ್ದೆಗೆ, ಇನ್ನೊಂದು ನೋವಿಗೆ. ಐದು ನಿಮಿಷಕ್ಕೊಮ್ಮೆ ಮಡಿಲು ಮಗುವಿಗೆ ಅಂಕ ಕೊಡುತ್ತದೆ. ಅಂಕ ನೋಡಿಕೊಂಡು ಔಷಧ ಏರಿಸುತ್ತದೆ, ಇಳಿಸುತ್ತದೆ.

ಗಂಟಲಲ್ಲಿ ಕೊಳವೆ ಹಾಕಿಸಿಕೊಂಡು ವೆಂಟಿಲೇಟರಿನ ಉಸಿರಿನಲ್ಲಿರುವ ಮಗುವಿಗೆ ನಿದ್ದೆ ಬೇಕು. ಕಡಿಮೆಯಾದರೆ ಮಗು ನರಳುತ್ತದೆ, ಹೆದರುತ್ತದೆ, ಕೊಳವೆ ಕಿತ್ತುಕೊಳ್ಳುತ್ತದೆ. ಹೆಚ್ಚಾದರೆ ಕೆಮ್ಮುವುದನ್ನು ಮರೆಯುತ್ತದೆ, ತೋಳು ತೊಡೆ ಸೊರಗುತ್ತವೆ, ಸ್ವಂತ ಉಸಿರು ವಾಪಸು ಬರುವುದಿಲ್ಲ. ಇವೆರಡರ ನಡುವೆ ಇಕ್ಕಟ್ಟಾದ ಒಂದು ಓಣಿಯಿದೆ. ಆ ಓಣಿಯಲ್ಲಿ ಮಗುವನ್ನು ಕೈಹಿಡಿದು ನಡೆಸುವ ಕೆಲಸ ಮೊದಲು ನರ್ಸುಗಳದಾಗಿತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನರ್ಸು ತಾನೇ ಔಷಧವನ್ನು ಒಂದು ಮೆಟ್ಟಿಲು ಇಳಿಸುತ್ತಿದ್ದಳು. ಕಣ್ಣು ತೆರೆಯುತ್ತದೆಯೇ, ಕೆಮ್ಮು ಬರುತ್ತದೆಯೇ, ಮುಖ ಕಿವುಚುತ್ತದೆಯೇ ಎಂದು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಆರರಿಂದ ಮೂವತ್ತರ ತನಕ ಅಂಕ; ಹೆಚ್ಚಿದಷ್ಟೂ ಮಗುವಿನ ತಳಮಳ ಹೆಚ್ಚು. ಇಪ್ಪತ್ತೆರಡು ದಾಟಿದರೆ ಮಾತ್ರ ಔಷಧ ಏರಿಸಬಹುದು. ಏರಿಸಲಿಕ್ಕಾಗಲಿ ಇಳಿಸಲಿಕ್ಕಾಗಲಿ ದೊಡ್ಡ ಡಾಕ್ಟರನ್ನು ಕೇಳುವ ಅಗತ್ಯವಿರಲಿಲ್ಲ. ಮಗುವಿನ ಪಕ್ಕದಲ್ಲಿ ನಿಂತವಳಿಗೇ ಆ ಅಧಿಕಾರ. ಎಲಿಜಾ ಸಿಸ್ಟರ್ ಎಂಬ ಮುಖ್ಯ ನರ್ಸು ಮೂರು ವರ್ಷ ಡಾಕ್ಟರುಗಳ ಜೊತೆ ಜಗಳ ಕಾದು ಗಳಿಸಿಕೊಟ್ಟಿದ್ದ ಅಧಿಕಾರ ಅದು.

ಮಡಿಲು ಬಂದ ದಿನ ಆ ಅಧಿಕಾರ ಹೋಯಿತು. ಒಬ್ಬ ನರ್ಸಿಗೆ ನಾಲ್ಕಿದ್ದ ಹಾಸಿಗೆಗಳು ಎಂಟಾದವು. ಯಂತ್ರ ನೋಡಿಕೊಳ್ಳುವಾಗ ಮನುಷ್ಯರೇಕೆ ಎಂದು ಮೇಲಿನವರು ಕೇಳಿದರು. ಉತ್ತರವನ್ನೂ ಅವರೇ ಹೇಳಿಕೊಂಡರು.

*

ಚಂದ್ರಿಕಾಳ ಒಂಬತ್ತನೆಯ ದಿನ. ಹನ್ನೊಂದು ಗಂಟೆಗೆ ತಾಯಂದಿರನ್ನು ಒಳಗೆ ಬಿಟ್ಟರು.

ಫಕೀರವ್ವ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಮುರಿಯುವವಳು. ಎಷ್ಟು ತೊಳೆದರೂ ಬೆರಳ ತುದಿಯ ಖಾರ ಹೋಗುವುದಿಲ್ಲ. ಹಾಗಾಗಿ ಹೆತ್ತಾಗಿನಿಂದಲೂ ಆಕೆ ಮಗಳ ಮುಖವನ್ನು ಬೆರಳಿನಿಂದ ಮುಟ್ಟಿದವಳಲ್ಲ. ಮಣಿಕಟ್ಟನ್ನು ಹೊರಳಿಸಿ ಮುಂಗೈಯ ಹಿಂಬದಿಯಿಂದ ಕೆನ್ನೆ ಸವರುತ್ತಾಳೆ. ಅಂದೂ ಸವರಿದಳು. ಚಂದ್ರಿಯ ರೆಪ್ಪೆ ಅದುರಿತು. ತುಟಿ ಕೊಳವೆಯ ಸುತ್ತ ಒಂದಿಷ್ಟು ಅಲುಗಿತು.

ಕಂಬದ ಮೇಲೆ ಹಳದಿ ದೀಪ ಹತ್ತಿತು. ಪೆಟ್ಟಿಗೆಯೊಳಗೆ ಮೋಟರು ಸಣ್ಣಗೆ ಗುಂಯ್‌ಗುಟ್ಟಿತು. ರೆಪ್ಪೆ ನಿಂತಿತು.

ಫಕೀರವ್ವ ಕೈ ಹಿಂದಕ್ಕೆಳೆದುಕೊಂಡಳು. “ಅಕ್ಕಾರ, ನನ್ನ ಕೈಯಾನ ಖಾರಕ್ಕ ಹಿಂಗ ಆಕ್ಕೈತೇನ್ರಿ? ನಾ ಮುಟ್ಟಿದಾಗೊಮ್ಮೆ ದೀಪ ಹತ್ತತೈತಿ.”

“ಇಲ್ಲ ಯವ್ವಾ, ಹಂಗೇನಿಲ್ಲ,” ಎಂದಳು ಕಸ್ತೂರಿ ದೊಡ್ಡಮನಿ. ಆ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸು.

“ಮತ್ಯಾಕ ಏಳವಲ್ಲಳು? ಮನ್ಯಾಗ ಬೆಳಕ ಹರಿಯೂದ್ರಾಗ ಎದ್ದು ನನ್ನ ತಲಿ ತಿಂತಿದ್ಲರಿ. ಸುಮ್ನ ಮಲ್ಕೊಳ್ಳ ನಮ್ಮವ್ವಾ ಅಂತ ಕೈಮುಗೀತಿದ್ದೆ. ನಾನ ಅಂದದ್ದು ಹತ್ತೇತೇನೋ.”

“ಎದಿ ಫೋಟೋ ಛಲೋ ಬಂದೈತಿ. ಕಫ ಕರಗೇತಿ. ಇನ್ನ ಎಚ್ಚರ ಆದ್ರ ಕೊಳವಿ ತಗೀತೇವಿ.”

“ಎಚ್ಚರ ಮಾಡ್ರಲ್ಲ ಮತ್ತ!”

ಕಸ್ತೂರಿ ಚಂದ್ರಿಯ ಹೊದಿಕೆ ಸರಿಮಾಡಿದಳು. ಎಚ್ಚರ ಮಾಡುವ ಕೈಗಳಿಗೆ ಎರಡು ವರ್ಷದಿಂದ ಬೀಗ ಬಿದ್ದಿತ್ತು. ಪೆಟ್ಟಿಗೆ ಒಡೆದು ಸಿರಿಂಜು ಕಿತ್ತು ಬಿಸಾಡುವ ಹಾಗೂ ಇರಲಿಲ್ಲ. ಒಂಬತ್ತು ದಿನ ಈ ಔಷಧ ಕುಡಿದ ಮೈಗೆ ಒಮ್ಮೆಗೇ ನಿಲ್ಲಿಸಿದರೆ ನಡುಕ, ಜ್ವರ, ಸೆಳೆತ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಇಳಿಸುವ ಗುಂಡಿ ಯಂತ್ರದ ಬಳಿ ಇತ್ತು.

ಮರುದಿನ ತಾಯಿ ಬಂದು ಹಾಸಿಗೆಯಿಂದ ಒಂದು ಮೊಳ ದೂರ ನಿಂತಳು. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮುಟ್ಟಲಿಲ್ಲ.

*

ಆ ಹತ್ತನೆಯ ದಿನವೇ ಕಸ್ತೂರಿ ನಾಲ್ಕನೆಯ ಹಾಸಿಗೆಯ ಯಂತ್ರದಿಂದ ಹತ್ತೂ ದಿನದ ಗೆರೆಚಿತ್ರ ತೆಗೆಸಿದಳು. ಕಾಗದದ ಮೇಲೆ ಔಷಧದ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಮೆಟ್ಟಿಲು ಇಳಿಯುತ್ತಿತ್ತು, ಹಳೆಯ ನರ್ಸುಗಳು ಇಳಿಸುತ್ತಿದ್ದ ಹಾಗೆಯೇ. ತಾಯಿ ಮುಟ್ಟಿದ ಹೊತ್ತಿನ ಏರಿಕೆಗಳು ಚಿಕ್ಕವು, ಕೂಡಲೇ ಇಳಿದುಬಿಡುತ್ತಿದ್ದವು. ಆಮೇಲೆ ಮಧ್ಯಾಹ್ನ ಒಂದೂವರೆಗೆ ಒಂದು, ಸಂಜೆ ಏಳೂವರೆಗೆ ಒಂದು, ಹೀಗೆ ಎರಡು ಮೆಟ್ಟಿಲು ಏರುತ್ತಿತ್ತು. ನಿನ್ನೆಯೂ ಒಂದೂವರೆ. ಮೊನ್ನೆಯೂ ಒಂದೂವರೆ. ಹತ್ತು ದಿನವೂ ಒಂದೂವರೆ. ಒಂದು ಇಳಿದು ಎರಡು ಏರುವ ಮಗು ಕೆಳಗೆ ಬರುವುದು ಯಾವಾಗ?

ಅವಳು ಕಾಗದ ಹಿಡಿದು ಮೂರನೆಯ ಮಹಡಿಯ ನಿಗಾ ಕೋಣೆಗೆ ಹೋದಳು. ಗೋಡೆಯ ತುಂಬ ಪರದೆಗಳು; ನಾಲ್ಕು ಜಿಲ್ಲೆಗಳ ಮಕ್ಕಳು ಅಲ್ಲಿ ಬಣ್ಣದ ಗೆರೆಗಳಾಗಿ ಹರಿಯುತ್ತಿದ್ದರು. ಕಂಪನಿಯ ಇಂಜಿನಿಯರ್ ಮೃಣಾಲಿನಿ ಬೆಂಗಳೂರಿನ ಹುಡುಗಿ, ಸಭ್ಯಳು. ಎದ್ದು ಕುರ್ಚಿ ಕೊಟ್ಟಳು.

“ಈ ಒಂದೂವರಿಗೆ ಯಾಕ ಏರಸ್ತೈತ್ರಿ ಇದು?”

“ಅದೇ ಮೇಡಂ ಇಂಟರೆಸ್ಟಿಂಗ್!” ಮೃಣಾಲಿನಿಯ ಕಣ್ಣು ಹೊಳೆಯಿತು. “ಮಧ್ಯಾಹ್ನ ಒಂದೂವರೆಗೆ ಕಾಯಿಲೆ ಮಕ್ಕಳಿಗೆ ತಳಮಳ ಜಾಸ್ತಿ ಆಗತ್ತೆ. ಸಂಜೆ ಏಳೂವರೆಗೆ ಇನ್ನೊಂದ್ಸಲ. ಡೇಟಾದಲ್ಲಿ ಎಷ್ಟು ಸ್ಪಷ್ಟವಾಗಿದೆ ಅಂದ್ರೆ, ನಾವೇ ಬೆರಗಾಗಿಬಿಟ್ವಿ. ಯಾವ ಪುಸ್ತಕದಲ್ಲೂ ಇಲ್ಲ ಇದು. ದೇಹದ ಗಡಿಯಾರ ಇರಬಹುದು. ಅದರ ಮೇಲೆ ಒಂದು ಪ್ರಬಂಧ ಬರೀತಿದೀವಿ.”

“ಎಲ್ಲೀ ಡೇಟಾರಿ?”

“ನಿಮ್ಮದೇ! ನಿಮ್ಮ ವಾರ್ಡಿನ ಹನ್ನೆರಡು ವರ್ಷದ ಚಾರ್ಟು. ಮಡಿಲು ಕಲಿತಿದ್ದೇ ಅದರಿಂದ. ಅದ್ರಲ್ಲೂ ಸಿಬ್ಬಂದಿ ಸಂಖ್ಯೆ ನೂರಾ ಹದಿನೇಳು ಅಂತ ಒಬ್ಬರು ಇದಾರೆ ಮೇಡಂ, ಒಂದು ಕಾಲಂ ಖಾಲಿ ಬಿಟ್ಟಿಲ್ಲ, ಅಕ್ಷರ ಮುತ್ತಿನ ಹಾಗೆ. ಅವರ ಚಾರ್ಟಿಗೆ ಎಲ್ಲರಿಗಿಂತ ಹೆಚ್ಚು ತೂಕ ಕೊಟ್ಟಿದೀವಿ. ಒಂಥರಾ ಮಡಿಲಿಗೆ ಅವರೇ ಗುರು.”

ಕಸ್ತೂರಿಯ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯಲ್ಲಿ ೧೧೭ ಎಂದಿತ್ತು. ಮೃಣಾಲಿನಿ ಅದನ್ನು ಓದಿ, “ಅಯ್ಯೋ, ನೀವೇನಾ!” ಎಂದು ಕೈಕುಲುಕಲು ಬಂದಳು.

ಕೈ ಚಾಚಲು ಕಸ್ತೂರಿಗೆ ಆಗಲಿಲ್ಲ. ಒಂದೂವರೆಗೆ ಏನಾಗುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು.

*

“ಜೋಲಿ,” ಎಂದರು ಎಲಿಜಾ ಸಿಸ್ಟರ್, ಆ ಸಂಜೆ ಕಸ್ತೂರಿ ಚಾಚಿದ ಗೆರೆಚಿತ್ರ ನೋಡಿ. ನಿವೃತ್ತರಾಗಿ ಆರು ವರ್ಷ. ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವರು ಕೈ ನಿಲ್ಲಿಸಿದರು. “ಆ ಹಾಳ ಮಶೀನು ಜೋಲಿ ಕಲ್ತೇತೇನ?”

ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಪಾಳಿ ಬದಲಾಗುತ್ತದೆ. ಹೋಗುವವಳು ಬರುವವಳಿಗೆ ಒಂದೊಂದೇ ಮಗುವಿನ ಕಥೆ ಒಪ್ಪಿಸಬೇಕು. ಅರ್ಧ ತಾಸು ಬೇಕು. ಅಷ್ಟು ಹೊತ್ತು ಮಕ್ಕಳ ಕಡೆ ಕಣ್ಣಿಲ್ಲ. ಒಮ್ಮೆ ಹಾಗೆ ಒಪ್ಪಿಸುವ ಹೊತ್ತಿನಲ್ಲಿ ಮೂರು ವರ್ಷದ ಹುಡುಗನೊಬ್ಬ ಎಚ್ಚೆತ್ತು ಕೊಳವೆ ಕಿತ್ತುಕೊಂಡ. ನಾಲ್ಕು ಮಕ್ಕಳಿಗೆ ಒಬ್ಬಳೇ ಇದ್ದಳು. ಅವಳು ತಲುಪುವಷ್ಟರಲ್ಲಿ ಹುಡುಗ ನೀಲಿಯಾಗಿದ್ದ. ವಿಚಾರಣೆ ನಡೆಯಿತು, ನರ್ಸು ಕೆಲಸ ಕಳೆದುಕೊಂಡಳು, ಇನ್ನೊಬ್ಬಳನ್ನು ಮಾತ್ರ ಯಾರೂ ನೇಮಿಸಲಿಲ್ಲ. ಅಂದಿನಿಂದ ಒಂದೂವರೆಗೆ, ಏಳೂವರೆಗೆ ಎಲ್ಲ ಮಕ್ಕಳಿಗೂ ಒಂದಿಷ್ಟು ಹೆಚ್ಚು ಔಷಧ ಹಾಕಿ ಮಲಗಿಸುವ ಪದ್ಧತಿ ಶುರುವಾಯಿತು. ಅದಕ್ಕೆ ವಾರ್ಡಿನಲ್ಲಿ ಜೋಲಿ ಎಂದು ಹೆಸರು. ‘ಜೋಲಿ ಹಾಕಿದ್ಯೇನs?’ ಎಂದು ಊಟದ ಡಬ್ಬಿ ಮುಚ್ಚುತ್ತ ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಇಪ್ಪತ್ತೆರಡು ದಾಟದೆ ಔಷಧ ಏರಿಸುವಂತಿಲ್ಲ. ಹಾಗಾಗಿ ದಾಟಿತೆಂದು ಬರೆದರು. ಹದಿನಾಲ್ಕರಲ್ಲಿ ತಣ್ಣಗೆ ಮಲಗಿದ ಮಗುವಿನ ಮುಂದೆ ಇಪ್ಪತ್ತೈದು. ದಿನಾ, ಎರಡು ಹೊತ್ತು, ಹನ್ನೆರಡು ವರ್ಷ, ಮುತ್ತಿನಂಥ ಅಕ್ಷರದಲ್ಲಿ.

“ನಾವು ಮರುದಿನ ಮುಂಜಾನೆ ನಮ್ಮ ಜೋಲಿ ನಾವ ಇಳಿಸ್ತಿದ್ವಿ ಸಿಸ್ಟರ್,” ಎಂದಳು ಕಸ್ತೂರಿ. “ಒಂದು ಏರಿಸಿದ್ರ ಎರಡು ಇಳಿಸ್ತಿದ್ವಿ. ಕೂಸಿನ ಮಾರಿ ನೋಡಿ ಇಳಿಸ್ತಿದ್ವಿ. ಒಂಬತ್ತರ ಒಂದು ಮೆಟ್ಲ ಅಷ್ಟ ಬರೀತಿದ್ವಿ, ಉಳಿದದ್ದು ಬರೀತಿದ್ದಿಲ್ಲ. ಬರದ್ರ, ನಿನ್ನೆ ಯಾಕ ಏರಿಸಿದಿ ಅಂತ ಕೇಳ್ತಾರಂತ.”

“ಏರ್ಸಿದ್ದು ಕಾಗದದ ಮ್ಯಾಲ, ಇಳಿಸಿದ್ದು ಬರೇ ಕೈಯಾಗ.” ಎಲಿಜಾ ಸಿಸ್ಟರ್ ಮೊರವನ್ನು ಪಕ್ಕಕ್ಕೆ ಸರಿಸಿದರು. “ಕಾಗದ ಓದಿದ್ದು ಅದು. ಕೈ ಎಲ್ಲಿ ಓದ್ತೈತಿ? ಇಳಿಸೂ ಹಕ್ಕು ಬೇಕಂತ ಡಾಕ್ಟರ್ ಮಂದಿ ಮುಂದ ಗಂಟಲ ಹರ್ಕೊಂಡಾಕಿನೂ ನಾನ. ಜೋಲಿ ಕಟ್ಟಿದಾಕಿನೂ ನಾನ. ನಿನಗ ಕಲಿಸಿದಾಕಿನೂ ನಾನ.”

“ನನ್ನ ಚಾರ್ಟಿಗೆ ಭಾಳ ತೂಕ ಕೊಟ್ಟಾರಂತ.”

“ನಿನ್ನ ಅಕ್ಷರ ನೋಡಿ ನಾನ ಹೊಗಳ್ತಿದ್ನೆಲ್ಲ, ಸುಡುಗಾಡ ಅಕ್ಷರ.” ನಗಲು ಹೋದರು. ಬರಲಿಲ್ಲ. ಬೆಳ್ಳುಳ್ಳಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿಗೆ ಇನ್ನಷ್ಟು ನೀರು ತಂದುಕೊಂಡರು. ಮೊರವನ್ನು ಮತ್ತೆ ಮುಂದೆಳೆದುಕೊಂಡು ಕೇಳಿದರು: “ಹುಡುಗಿ ವಯಸ್ಸೆಷ್ಟು?”

“ಆರು.”

“ಬರದು ಕೊಡs ಕಸ್ತೂರಿ. ಎಲ್ಲಾ ಬರದು ಕೊಡು. ನನ್ನ ಹೆಸರು ಮೊದ್ಲ ಬರಿ.”

*

ಹನ್ನೊಂದನೆಯ ದಿನ ಬೆಳಿಗ್ಗೆ ಕಸ್ತೂರಿ ಎರಡು ಹಾಳೆಯ ಪತ್ರವನ್ನು ಸೂಪರಿಂಟೆಂಡೆಂಟ್ ಡಾಕ್ಟರ್ ಅಂಗಡಿಯವರ ಮೇಜಿನ ಮೇಲೆ ಇಟ್ಟಳು. ಒಂದೂವರೆಯ ಅಂಕಗಳು ಸುಳ್ಳು, ಬರೆದವರು ನಾವು. ಒಬ್ಬಳಿಗೆ ನಾಲ್ಕು ಮಕ್ಕಳನ್ನು ಕೊಟ್ಟದ್ದಕ್ಕೆ ಬರೆದೆವು. ಯಂತ್ರ ಆ ಸುಳ್ಳನ್ನು ಕಾಯಿಲೆ ಎಂದು ತಿಳಿದಿದೆ. ನಾಲ್ಕನೆಯ ಹಾಸಿಗೆಯ ಮಗುವಿನ ಔಷಧ ಇಳಿಸಲು ಇಂದೇ ಅನುಮತಿ ಕೊಡಿ.

ಅಂಗಡಿಯವರು ಓದಿ ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ. ಅವರೂ ಒಂದು ಕಾಲಕ್ಕೆ ಆ ವಾರ್ಡಿನಲ್ಲಿ ಮಕ್ಕಳ ಪಕ್ಕ ನಿಂತವರು.

“ಇದರ ಅರ್ಥ ಗೊತ್ತೈತೇನವ್ವಾ ನಿನಗ? ಮೊದಲ ಬೇಡಿ ನಿನ್ನ ಕೈಗೆ ಬೀಳ್ತದ. ಸುಳ್ಳು ಚಾರ್ಟು ಬರದಾಕಿ ನೀನು. ಮಶೀನು ಅಲ್ಲ.”

“ಬೀಳ್ಲಿ ಬಿಡ್ರಿ. ಆದ್ರ ಕೂಸಿನ ಔಷಧ ಇಳಸ್ರಿ ಸರ್. ಇವತ್ತಿಂದ ದಿನಕ್ಕ ಎರಡು ಮೆಟ್ಲ ಇಳಿಸಿದ್ರ ಐದು ದಿನದಾಗ ಎದ್ದು ಕುಂದರ್ತಾಳ. ಬೇಕಾದ್ರ ನಾ ಮನಿಗೆ ಹೋಗೂದಿಲ್ಲ, ಅಲ್ಲೇ ಕುಂದರ್ತೇನಿ.”

“ನನ್ನ ಕೈಯಾಗ ಇಲ್ಲ. ಪೆಟಿಗಿ ಕೀಲಿ ಕಂಪನಿ ಕಡೆ ಐತಿ. ಕಳಸ್ತೇನಿ ಇದನ್ನ. ಎಪ್ಪತ್ತೆರಡು ತಾಸಿನ್ಯಾಗ ಉತ್ತರ ಕೊಡಬೇಕಂತ ಕರಾರು ಐತಿ.”

“ಎಪ್ಪತ್ತೆರಡು ತಾಸು ಅಂದ್ರ ಮೂರು ಒಂದೂವರಿ ಸರ್.”

ಅಂಗಡಿಯವರು ಪತ್ರದ ಮೂಲೆಯಲ್ಲಿ ‘ಕಂಪನಿಗೆ’ ಎಂದು ಬರೆದು ಸಹಿ ಹಾಕಿದರು.

ಅಂದು ಮಧ್ಯಾಹ್ನ ಒಂದೂವರೆಗೆ ಕಸ್ತೂರಿ ನಾಲ್ಕನೆಯ ಹಾಸಿಗೆಯ ಪಕ್ಕ ನಿಂತಿದ್ದಳು. ಚಂದ್ರಿ ಅಲುಗಿರಲಿಲ್ಲ. ಹುಬ್ಬು ಸಡಿಲವಾಗಿತ್ತು, ಬೆರಳು ಬಿಡಿಸಿಕೊಂಡಿದ್ದವು. ಕಣ್ಣಿದ್ದ ಯಾರೇ ಆದರೂ ಹತ್ತು ಅಂಕ ಕೊಡುತ್ತಿದ್ದರು. ಪರದೆಯ ಮೇಲೆ ಇಪ್ಪತ್ತೈದು ಮೂಡಿತು. ಹಳದಿ ದೀಪ. ಗುಂಯ್ ಎನ್ನುವ ಸದ್ದು. ಯಾವಾಗಲೂ ಇಪ್ಪತ್ತೈದೇ. ಇಪ್ಪತ್ತಾರಲ್ಲ, ಇಪ್ಪತ್ನಾಲ್ಕಲ್ಲ. ಕಸ್ತೂರಿ ತನ್ನ ಅಕ್ಷರವನ್ನು ಗುರುತು ಹಿಡಿದಳು.

ಹನ್ನೆರಡನೆಯ ದಿನ ಜ್ವರ ಬಂತು. ಕೆಮ್ಮದ ಎದೆಯಲ್ಲಿ ಹೊಸ ಕಫ ಕೂತಿತ್ತು. ಕೊಳವೆಯ ದಾರಿಯಲ್ಲಿ ಆಸ್ಪತ್ರೆಯ ಸೋಂಕು ಒಳಗಿಳಿದಿತ್ತು. ನಾಲ್ಕನೆಯ ದಿನ ಎದ್ದು ಕೊಳವೆ ತೆಗೆಸಿಕೊಂಡಿದ್ದರೆ ಆ ಸೋಂಕಿಗೆ ಈ ಹುಡುಗಿ ಸಿಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಫಕೀರವ್ವ ಬಂದು ಎಂದಿನಂತೆ ಒಂದು ಮೊಳ ದೂರ ನಿಂತಳು.

“ಯವ್ವಾ, ಮುಟ್ಟು,” ಎಂದಳು ಕಸ್ತೂರಿ. “ನಿನ್ನ ಕೈಯಿಂದ ಏನೂ ಆಗಿಲ್ಲ. ಆಗಿದ್ದು ನನ್ನ ಕೈಯಿಂದ.” ಆಮೇಲೆ ಎಲ್ಲವನ್ನೂ ಹೇಳಿದಳು. ಜೋಲಿ, ಇಪ್ಪತ್ತೈದು, ಯಂತ್ರ, ಪತ್ರ. ಬಿಡಲಿಲ್ಲ ಏನನ್ನೂ. ಪ್ರತಿ ಮಾತಿಗೂ ಆ ತಾಯಿಯ ಮುಖ ಒಂದೊಂದು ಬಾಗಿಲು ಹಾಕಿಕೊಂಡಿತು.

ಫಕೀರವ್ವ ಬೈಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. “ಮೂರು ದಿನ,” ಎಂದಳು. “ಮೂರು ದಿನ ಆತು ನಾ ನನ್ನ ಕೂಸಿನ ಮುಟ್ಟಿಲ್ಲ. ನನ್ನ ಕೈಯಾಗ ವಿಷ ಐತಿ ಅಂತ ತಿಳಿದಿದ್ದೆ. ಮೊದ್ಲ ಯಾಕ ಹೇಳಲಿಲ್ಲ ನೀ?”

ಮೊದಲ ಬಾರಿಗೆ ‘ನೀ’ ಎಂದಿದ್ದಳು.

ಫಕೀರವ್ವ ಸೆರಗಿನಿಂದ ಕೈ ಬಿಡಿಸಿಕೊಂಡಳು. ಈ ಸಲ ಮಣಿಕಟ್ಟು ಹೊರಳಿಸಲಿಲ್ಲ. ಹತ್ತೂ ಬೆರಳ ತುದಿಗಳನ್ನು ಮಗಳ ಎರಡೂ ಕೆನ್ನೆಗೆ ಒತ್ತಿ ಹಿಡಿದಳು. “ಉರೀಲಿ,” ಎಂದಳು. “ಉರದರ ಏಳ್ತಾಳ. ಏಳs ಚಂದ್ರೀ. ನಿಮ್ಮವ್ವ ಖಾರದ ಕೈ ಹಚ್ಯಾಳ ನೋಡು, ಎದ್ದು ಬೈಯ್ಯಿ ನನಗ.”

ಕೆನ್ನೆಯ ಮೇಲೆ ಹತ್ತು ಕೆಂಪು ಗುರುತು ಮೂಡಿದವು. ರೆಪ್ಪೆ ಅಲುಗಲಿಲ್ಲ. ಹಳದಿ ದೀಪ ಹತ್ತಲಿಲ್ಲ. ಮಡಿಲು ‘ಮಗು ಸಮಾಧಾನದಿಂದಿದೆ’ ಎಂದು ಬರೆದುಕೊಂಡಿತು.

ಮರುದಿನ ಹತ್ತೂಕಾಲಿಗೆ ಚಂದ್ರಿಕಾ ಸತ್ತಾಗ ಆ ಗುರುತುಗಳು ಇನ್ನೂ ಇದ್ದವು.

ಅದರ ಮರುದಿನ, ಕರಾರಿನಂತೆ, ಎಪ್ಪತ್ತೊಂದನೆಯ ತಾಸಿನಲ್ಲಿ ಕಂಪನಿಯ ಉತ್ತರ ಬಂತು. ನಾಲ್ಕನೆಯ ಹಾಸಿಗೆಯ ಔಷಧವನ್ನು ಹಂತಹಂತವಾಗಿ ಇಳಿಸಬಹುದು.

*

ಪತ್ರದಿಂದ ಇನ್ನೊಂದು ಬದಲಾವಣೆಯೂ ಆಯಿತು. ಮಡಿಲಿನ ಅಂಕಗಳನ್ನು ಯಾರೂ ತಿದ್ದಲಿಲ್ಲ; ತಿದ್ದಬೇಕಾದರೆ ಹನ್ನೆರಡು ವರ್ಷದ ಚಾರ್ಟು ಬಿಸಾಡಬೇಕು, ಎಲ್ಲ ಹಾಸಿಗೆಗೂ ಮತ್ತೆ ಮನುಷ್ಯರನ್ನು ನಿಲ್ಲಿಸಬೇಕು. ಅದರ ಬದಲು ಕಂಬಕ್ಕೆ ಒಂದು ಸಣ್ಣ ಗಾಜಿನ ಚೌಕ ಜೋಡಿಸಿದರು. ಇನ್ನು ಮುಂದೆ ಔಷಧ ಏರಿಸುವ ಮೊದಲು ಯಂತ್ರ ನರ್ಸಿನ ಹೆಬ್ಬೆಟ್ಟು ಕೇಳುತ್ತದೆ. ಹೆಬ್ಬೆಟ್ಟು ಬಿದ್ದರೆ ಏರಿಸಿದ್ದು ನರ್ಸು. ಕಳೆದುಕೊಂಡ ಅಧಿಕಾರ ಹೀಗೆ ವಾಪಸು ಬಂತು: ಇಳಿಸಲು ಅಲ್ಲ, ಹೊಣೆ ಹೊರಲು. ಹತ್ತು ನಿಮಿಷ ಹೆಬ್ಬೆಟ್ಟು ಬೀಳದಿದ್ದರೆ ಪೆಟ್ಟಿಗೆಯ ಬೀಗ ತೆರೆದುಕೊಂಡು ಗಂಟೆ ಬಾರಿಸುತ್ತದೆ. ಆಮೇಲೆ ಆ ಮಗು ಪೂರ್ತಿ ನರ್ಸಿನ ಕೈಗೆ. ಹಾಗೆ ಹೆಬ್ಬೆಟ್ಟು ಒತ್ತದೆ ಬಿಟ್ಟವರನ್ನು ಅಮಾನತು ಮಾಡುವುದಾಗಿ ಸುತ್ತೋಲೆ ಹೇಳಿತು. ಎಂಟು ಹಾಸಿಗೆ ನೋಡುವವಳು ಒಂದರ ಪಕ್ಕ ಕೂರಲಾರಳೆಂದು ಸುತ್ತೋಲೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಕಸ್ತೂರಿಯ ವಿಚಾರಣೆ ಬಾಕಿಯಿತ್ತು. ಬದಲಿಗೆ ಬರುವವರು ಯಾರೂ ಇಲ್ಲದ್ದರಿಂದ ಅಲ್ಲಿಯ ತನಕ ಕೆಲಸಕ್ಕೆ ಬರಬೇಕೆಂದು ಹೇಳಿದ್ದರು.

ನಾಲ್ಕನೆಯ ಹಾಸಿಗೆಗೆ ಎಂಟು ತಿಂಗಳ ಕೂಸೊಂದು ಬಂದಿತ್ತು. ಹೆಸರು ದಾವಲ. ಅಂದು ಅದರ ನಾಲ್ಕನೆಯ ದಿನ. ಎದೆಯ ಚಿತ್ರ ಚೆನ್ನಾಗಿತ್ತು. ಅಪ್ಪ ಹೊರಗೆ ಗಾಜಿಗೆ ಹಣೆ ಹಚ್ಚಿ ನಿಂತಿದ್ದ.

ಒಂದೂವರೆಗೆ ಪರದೆಯ ಮೇಲೆ ಇಪ್ಪತ್ತೈದು ಮೂಡಿತು. ಗಾಜಿನ ಚೌಕ ಹಸಿರಾಗಿ ಮಿನುಗತೊಡಗಿತು.

ಕಸ್ತೂರಿ ಸ್ಟೂಲು ಎಳೆದುಕೊಂಡು ಕೂಸಿನ ಪಕ್ಕ ಕೂತಳು.

ಏಳನೆಯ ನಿಮಿಷಕ್ಕೆ ಡಾಕ್ಟರ್ ಅಂಗಡಿ ಮೆಟ್ಟಿಲಿಳಿದು ಬಂದರು. ನಿಗಾ ಕೋಣೆಯಿಂದ ಅವರಿಗೆ ಫೋನು ಹೋಗಿತ್ತು. ಹಿಂದೆ ಮೃಣಾಲಿನಿ ಬಾಗಿಲಲ್ಲೇ ನಿಂತಳು.

“ಒತ್ತವ್ವಾ.”

“ಕೂಸಿನ ಅಂಕ ಹದಿನಾಲ್ಕು ಐತ್ರಿ ಸರ್.”

“ಮಶೀನು ಇಪ್ಪತ್ತೈದು ಅಂತೈತಿ.”

“ಅದು ನನ್ನ ಸುಳ್ಳರಿ. ನನಗ ಗುರ್ತ ಸಿಗ್ತೈತಿ. ನೀವು ಮಕ್ಕಳ ಡಾಕ್ಟರ್ರು, ಮಶೀನ ಬಿಟ್ಟು ಈ ಕಡೆ ನೋಡ್ರಿ. ಎಷ್ಟು ಕೊಡ್ತೀರಿ?”

ಅಂಗಡಿಯವರು ಕೂಸನ್ನು ನೋಡಿದರು. ಹುಬ್ಬು, ತುಟಿ, ಎದೆಯ ಏರಿಳಿತ.

“ಉಳಿದ ಏಳು ಹಾಸಿಗಿ ಯಾರು ನೋಡ್ತಾರ ಕಸ್ತೂರಿ?”

“ಅದನ್ನ ನಾವು ಹದಿನಾಲ್ಕು ವರ್ಷದಿಂದ ನಿಮ್ಮನ್ನ ಕೇಳಾಕತ್ತೇವ್ರಿ ಸರ್.”

“ಮೂರು ನಿಮಿಷ ಉಳದಾವು. ಗಂಟಿ ಬಾರ್ಸಿದ್ರ ನನ್ನ ಕೈಯಾಗೂ ಏನೂ ಉಳಿಯೂದಿಲ್ಲ. ಇದು ಆರ್ಡರು. ಹೆಬ್ಬಟ್ಟು ಒತ್ತು.”

ಕಸ್ತೂರಿ ಏಳಲಿಲ್ಲ. ಬೆಳಿಗ್ಗೆ ಯಂತ್ರ ಒಂದು ಮೆಟ್ಟಿಲು ಇಳಿಸಿದ್ದು ಕೂಸಿನ ಮೈಗೆ ಈಗ ತಿಳಿಯತೊಡಗಿತ್ತು. ಅಂಗೈಗೆ ಏನೋ ತಗುಲಿತೆಂದು ಅದು ಮುಷ್ಟಿ ಕಟ್ಟಿತ್ತು. ಐದು ಸಣ್ಣ ಬೆರಳು, ಆ ವಯಸ್ಸಿಗೆ ಇರಬೇಕಾದಷ್ಟೂ ಬಲ. ಮುಷ್ಟಿಯೊಳಗೆ ಕಸ್ತೂರಿಯ ಬಲಗೈ ಹೆಬ್ಬೆರಳಿತ್ತು.

“ಒತ್ತೂದಿಲ್ರಿ,” ಎಂದಳು. “ಕೂಸು ಹಿಡ್ಕೊಂಡೈತಿ.”